ದಫ್ತರವಿಲ್ಲದ ಸಂಸ್ಥೆಗಳು: ಚಿಕ್ಕೋಡಿ ಸೀಮೆಯ ಹಳ್ಳಿ ಹಾಡು ಉಳಿದ ಬಗೆ

ಸ್ಮರಣ ಸಂಚಿಕೆಗೆ ಸಂಸ್ಥೆಯ ಇತಿಹಾಸ ಬರೆಯುವವರಿಗೆ ಮೂರು ಆಸರೆಗಳಿರುತ್ತವೆ: ನೋಂದಣಿ ಪತ್ರ, ಠರಾವು ಪುಸ್ತಕ, ಗೋಡೆಯ ಮೇಲಿನ ಅಧ್ಯಕ್ಷರ ಭಾವಚಿತ್ರಗಳು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಹಳ್ಳಿಯ ಹಾಡು ಯಾರ ಆಶ್ರಯದಲ್ಲಿ ಬದುಕಿತು ಎಂದು ಬರೆಯಲು ಕೂತರೆ ಈ ಮೂರರಲ್ಲಿ ಒಂದೂ ಕೈಗೆ ಹತ್ತುವುದಿಲ್ಲ. ಇಲ್ಲಿಯ ಹಾಡನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಸಂಸ್ಥೆಗಳಿಗೆ ದಫ್ತರ ಇರಲಿಲ್ಲ. ಬೀಸುಕಲ್ಲು, ರಾಶಿಯ ಕಣ, ಜಾತ್ರೆಯ ಮೇಳ, ಮಠದ ಭಜನೆ ಇವೇ ಆ ಸಂಸ್ಥೆಗಳು. ಕಾಗದ ಪತ್ರ ಇಟ್ಟುಕೊಂಡ ಸಂಸ್ಥೆಗಳು ಬಂದದ್ದು ಬಹಳ ತಡವಾಗಿ, ಅದೂ ಹೆಚ್ಚಾಗಿ ಧಾರವಾಡದ ಕಡೆಯಿಂದ. ಆದ್ದರಿಂದ ಈ ಲೇಖನ ಮೊದಲನೆಯವುಗಳಿಂದಲೇ ಶುರುವಾಗಬೇಕು.

ಬೀಸುಕಲ್ಲಿನ ಕೆಲಸ ನಡೆಯುತ್ತಿದ್ದದ್ದು ನಸುಕಿನಲ್ಲಿ, ಕೋಳಿ ಕೂಗುವ ಮೊದಲು. ಇಬ್ಬರು ಹೆಂಗಸರು ಎದುರುಬದರು ಕೂತು ಒಂದೇ ಗೂಟಕ್ಕೆ ಕೈಹಾಕುತ್ತಿದ್ದರು. ಒಬ್ಬಳ ಇನ್ನೊಂದು ಕೈ ಕಲ್ಲಿನ ಬಾಯಿಗೆ ಹಿಡಿ ಹಿಡಿ ಜೋಳ ಹಾಕುತ್ತಿತ್ತು. ಕಾಳು ಹೆಚ್ಚಾದರೆ ಹಿಟ್ಟು ತರಿಯಾಗುತ್ತದೆ, ಕಡಿಮೆಯಾದರೆ ಕಲ್ಲಿಗೆ ಕಲ್ಲು ಉಜ್ಜಿ ರೊಟ್ಟಿಯಲ್ಲಿ ಮಳಲು ಸಿಗುತ್ತದೆ. ಈ ಹದಕ್ಕೆ ಕೈ ಹೊಂದಿಕೊಳ್ಳುವುದು ಹಾಡಿನ ನಡೆಯಿಂದ. ಒಬ್ಬಳು ಎತ್ತಿಕೊಟ್ಟ ನುಡಿಯನ್ನು ಇನ್ನೊಬ್ಬಳು ಹಿಡಿದು ಮುಂದುವರಿಸುತ್ತಿದ್ದಳು. ಮೂರು ಸಾಲಿನ ತ್ರಿಪದಿ ಹಾಡುವಾಗ ಎರಡನೆಯ ಸಾಲಿನ ಕೊನೆ ಮತ್ತೆ ತಿರುಗಿ ಬಂದು ನಾಲ್ಕು ಸಾಲಿನಷ್ಟು ಉದ್ದವಾಗುತ್ತದೆ. ಆ ಪುನರಾವೃತ್ತಿಯಲ್ಲೇ ಮುಂದಿನ ನುಡಿ ನೆನಪಾಗಲು ಒಂದು ಸುತ್ತಿನ ಬಿಡುವು ಸಿಗುತ್ತಿತ್ತು. ಛಂದಸ್ಸಿನ ಪುಸ್ತಕ ಇದನ್ನು ಹನ್ನೊಂದು ಗಣಗಳ ಲೆಕ್ಕದಲ್ಲಿ ಹೇಳುತ್ತದೆ, ಆರನೆಯದು ಹತ್ತನೆಯದು ಬ್ರಹ್ಮಗಣ, ಉಳಿದದ್ದು ವಿಷ್ಣುಗಣ ಎಂದು. ಬೀಸುವವಳಿಗೆ ಆ ಲೆಕ್ಕ ಬೇಕಾಗಿರಲಿಲ್ಲ, ಅದು ಅವಳ ರಟ್ಟೆಯಲ್ಲಿತ್ತು.

ಈ ಹಾಡುಗಳಲ್ಲಿ ಬಂದದ್ದು ದಿನದ ಬದುಕೇ. ಮೊದಲು ಕಲ್ಲಿಗೆ, ಊರ ದೇವರಿಗೆ, ಹೆತ್ತವರಿಗೆ ನಮಸ್ಕಾರ. ಆಮೇಲೆ ತವರು, ಪಂಚಮಿಗೆ ಕರೆಯಲು ಬರಬೇಕಾದ ಅಣ್ಣ, ಬಾರದ ಅಣ್ಣ, ಅತ್ತೆಯ ಮಾತು, ನೆಗೆಣ್ಣಿಯ ಮುನಿಸು, ತೊಟ್ಟಿಲ ಕೂಸು, ಕರೆಯುವ ಎಮ್ಮೆ, ಪೇಟೆಗೆ ಹೋದ ಗಂಡ. ಮನೆಯ ಜಗಲಿಯಲ್ಲಿ ಬಾಯಿಬಿಟ್ಟು ಹೇಳಲಾಗದ ಮಾತು ಕಲ್ಲಿನ ಸಪ್ಪಳದ ಮರೆಯಲ್ಲಿ ಹೊರಬರುತ್ತಿತ್ತು. ಒಳಕೋಣೆಯಲ್ಲಿ ಮಲಗಿದ ಅತ್ತೆಗೆ ಕೇಳಿಸಿದರೂ ಆಕೆ ಕೇಳಿಸಲಿಲ್ಲವೆಂಬಂತೆ ಇರಬೇಕು, ಯಾಕೆಂದರೆ ಅದು ಹಾಡು. ಈ ಸೌಲಭ್ಯ ಹಗಲಿನ ಯಾವ ಹೊತ್ತಿನಲ್ಲೂ ಸೊಸೆಗೆ ಸಿಗುತ್ತಿರಲಿಲ್ಲ.

ನಮ್ಮ ಐದು ತಾಲೂಕುಗಳ ಬೀಸುಕಲ್ಲಿಗೆ ಒಳನಾಡಿನವರಿಗೆ ಅಷ್ಟಾಗಿ ಇಲ್ಲದ ಒಂದು ಗುಣವಿತ್ತು. ಇಲ್ಲಿ ಹೆಣ್ಣು ಕೊಡುವ ತರುವ ಸಂಬಂಧಗಳು ಕೊಲ್ಹಾಪುರ, ಇಚಲಕರಂಜಿ, ಮಿರಜ, ಸಾಂಗಲಿ, ಜತ್ತದ ತನಕ ಹಬ್ಬಿವೆ. ಹೀಗಾಗಿ ಒಂದೇ ಕಲ್ಲಿಗೆ ಕನ್ನಡದ ತ್ರಿಪದಿಯೂ ಮರಾಠಿಯ ಓವಿಯೂ ಕೂಡಿದವು. ಎರಡೂ ಹಳೆಯವು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ಸಿಗುತ್ತದೆ. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುತ್ತಾರೆ ಎಂದು ಬರೆದಿಟ್ಟ ಗ್ರಂಥ ಯಾವುದು ಗೊತ್ತೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’. ಕನ್ನಡ ನಾಡಿನ ಅರಸನ ಆಸ್ಥಾನದಲ್ಲಿ ಓವಿಗೆ ಮೊದಲ ದಾಖಲೆ ಸಿಕ್ಕಿತು ಎಂಬುದನ್ನು ಗಡಿಯ ಜಗಳ ಆಡುವ ಎರಡೂ ಕಡೆಯವರು ನೆನಪಿಡಬಹುದು.

ಮನೆಯಿಂದ ಹೊಲಕ್ಕೆ ಬಂದರೆ ಹಾಡಿನ ಪಂಚಾಂಗವೇ ತೆರೆಯುತ್ತದೆ. ಎತ್ತಿನ ಹಬ್ಬ ಬೆಂದೂರ ಈ ಸೀಮೆಯಲ್ಲಿ ಎರಡು. ಜ್ಯೇಷ್ಠದ ಕಾರಹುಣ್ಣಿವೆಯದು ಕರ್ನಾಟಕಿ ಬೆಂದೂರ, ಒಂದು ತಿಂಗಳು ಬಿಟ್ಟು ಬರುವುದು ಮಹಾರಾಷ್ಟ್ರದ ಬೆಂದೂರ. ಮಳೆ ಹಿಂದೆಗೆದರೆ ಗುರ್ಜಿ: ಹಂಚಿನ ಮೇಲೆ ಕೆಸರಿನ ಮೂರ್ತಿ ಇಟ್ಟು ತಲೆಯ ಮೇಲೆ ಹೊತ್ತ ಹುಡುಗ ಮನೆಮನೆಗೆ ಬರುತ್ತಾನೆ, ಮನೆಯವರು ಕೊಡದಿಂದ ನೀರು ಸುರಿಯುತ್ತಾರೆ, ಮಕ್ಕಳು ಮಳೆರಾಯನನ್ನು ಕರೆಯುತ್ತಾರೆ. ಶ್ರಾವಣದ ನಾಗರಪಂಚಮಿಗೆ ಜೋಕಾಲಿ, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಬರುವ ಜೋಕುಮಾರ, ಶೀಗಿ ಹುಣ್ಣಿಮೆಗೂ ಎಳ್ಳಮಾಸಿಗೂ ಹೊಲದಲ್ಲಿ ಚರಗ. ಸುಗ್ಗಿಯಲ್ಲಿ ಹಂತಿ. ಕಣ ಕೆತ್ತಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ತೆನೆ ಹರವಿ, ಎತ್ತುಗಳನ್ನು ಸಾಲಾಗಿ ಕಟ್ಟಿ ರಾತ್ರಿಯೆಲ್ಲ ಸುತ್ತಿಸುವಾಗ ಗಂಡಸರು ಹಾಡುತ್ತಿದ್ದ ಪದಗಳು ಅವು. ಎತ್ತೂ ಆಳೂ ನಿದ್ದೆಗೆ ಜಾರದಂತೆ ನೋಡಿಕೊಳ್ಳುವುದು ಹಂತಿ ಪದದ ಮೊದಲ ಕೆಲಸ. ದೇವರ ಮಹಿಮೆ, ಶರಣರ ಕತೆ, ಊರ ಗೌಡನ ಮೇಲಿನ ಚೇಷ್ಟೆ ಎಲ್ಲಕ್ಕೂ ಅಲ್ಲಿ ಜಾಗವಿತ್ತು.

ಇದಕ್ಕೆಲ್ಲ ಯಾವ ಸಮಿತಿಯೂ ಇರಲಿಲ್ಲ ಎಂದು ಹಗುರವಾಗಿ ಹೇಳಿಬಿಡಬಾರದು. ಜೋಕುಮಾರನನ್ನು ಹೊರುವ ಹಕ್ಕು ಯಾರದು, ಜಾತ್ರೆಯಲ್ಲಿ ಯಾವ ಊರ ಡೊಳ್ಳು ಮೊದಲು, ಪಲ್ಲಕ್ಕಿಯ ಮುಂದೆ ಯಾವ ಮೇಳ ಎಂಬುದು ಖಚಿತವಾಗಿ ಗೊತ್ತುಪಡಿಸಿದ ವಿಷಯ. ಬರೆದಿಡದ ಈ ನಿಯಮಾವಳಿ ಎಷ್ಟು ಗಟ್ಟಿಯೆಂದರೆ, ತಪ್ಪಿದ ವರ್ಷ ಊರಲ್ಲಿ ಪಂಚಾಯಿತಿ ಕೂಡುತ್ತದೆ.

ಇಂಥ ಸಂಸ್ಥೆಗಳಲ್ಲಿ ದೊಡ್ಡದು ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ. ಮಾಘದ ಭಾರತ ಹುಣ್ಣಿಮೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಭಂಡಾರ ಎರಚಿ ಎರಚಿ ನೆಲ, ಅಂಗಿ, ಎತ್ತಿನ ಕೊಂಬು ಎಲ್ಲ ಅರಿಷಿಣವಾಗುತ್ತದೆ. ಹಾಲುಮತದ ಪರಂಪರೆಯಲ್ಲಿ ಮಾಯವ್ವ ಬೀರಪ್ಪನ ಅಕ್ಕ. ಡೊಳ್ಳಿನ ಪದದ ಅರ್ಧ ಕತೆ ಈ ಅಕ್ಕತಮ್ಮಂದಿರ ಸುತ್ತ ತಿರುಗುತ್ತದೆ. ಅದು ಪುರಾಣವೆಂದು ಪುಸ್ತಕದವರು ಬೇರೆ ಕಪಾಟಿನಲ್ಲಿ ಇಟ್ಟರೂ, ಕೇಳುವವರಿಗೆ ಅದು ಹಟ್ಟಿಯ ದಿನಚರಿಯೇ. ಕುರಿ ಎಣಿಸುವುದು, ತೋಳಕ್ಕೆ ಕಾವಲು, ಮಳೆಗಾಲದ ವಲಸೆ, ಉಣ್ಣೆ ಕತ್ತರಿಸಿ ನೂಲುವುದು, ಹುಣಸೆ ಬೀಜದ ಸರಿ ಹಚ್ಚಿ ಕಂಬಳಿ ನೇಯುವುದು, ತವರಿನ ಹಕ್ಕಿಗೆ ಅಕ್ಕ ಮುನಿಸಿಕೊಳ್ಳುವುದು ಎಲ್ಲವೂ ಅದರಲ್ಲಿ ಬರುತ್ತವೆ. ಬೀಸುಕಲ್ಲಿನ ಹೆಣ್ಣು ಅಣ್ಣನಿಗಾಗಿ ಹಾಡಿದ್ದನ್ನೇ ಡೊಳ್ಳಿನ ಮೇಳ ಗಂಡುದನಿಯಲ್ಲಿ ದೇವರ ಹೆಸರಿನಲ್ಲಿ ಹಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೇಳದ ಕಟ್ಟು ನೋಡಿ. ಮುಂದೆ ಹಾಡುವವನು, ಹಿಂದೆ ಸೊಲ್ಲು ಹಿಡಿಯುವವರು, ಡೊಳ್ಳು, ತಾಳ. ಎದುರಿಗೆ ಇನ್ನೊಂದು ಊರಿನ ಮೇಳ. ಒಬ್ಬರು ಸವಾಲು ಎಸೆದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಜವಾಬು ಬಾರದಿದ್ದರೆ ಊರಿಗೆ ಅವಮಾನ, ಆದ್ದರಿಂದ ಮೇಳಕ್ಕೆ ಗುರು ಬೇಕು, ಪದ ಕಲಿಸುವ ಮನೆ ಬೇಕು, ಬರೆದಿಡುವ ವಹಿ ಬೇಕು. ಗೀಗೀ ಪದದ ಹರದೇಶಿ ನಾಗೇಶಿ ಜಗಳದಲ್ಲೂ ಇದೇ ವ್ಯವಸ್ಥೆ: ಒಬ್ಬರು ಗಂಡು ಹೆಚ್ಚೆಂದು, ಇನ್ನೊಬ್ಬರು ಹೆಣ್ಣು ಹೆಚ್ಚೆಂದು ಬೆಳತನಕ ವಾದ. ಅಥಣಿ ತಾಲೂಕಿನ ಕೊಕಟನೂರ ಯಲ್ಲಮ್ಮನ ಜಾತ್ರೆಯಲ್ಲಿ ಚೌಡಿಕೆ ಪದ, ಮೊಹರಮ್ಮಿನಲ್ಲಿ ಕರ್ಬಲಾದ ಕತೆ ಹೇಳುವ ರಿವಾಯತ ಪದ. ಮಠಗಳಲ್ಲಿ ಭಜನೆಯ ತತ್ವಪದ. ಅಥಣಿಯ ಗಚ್ಚಿನಮಠ, ಮುರುಘೇಂದ್ರ ಶಿವಯೋಗಿಗಳ ಕಾಲದಿಂದ ಸುತ್ತಲಿನ ಹಳ್ಳಿಗಳಿಗೆ ಕನ್ನಡದ ನೆಲೆಯಾಗಿತ್ತು.

ಈ ಜಾತ್ರೆಗಳ ಜಾಲಕ್ಕೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ನಮ್ಮ ಮೇಳಗಳು ಮಂಗಳವೇಢೆ ತಾಲೂಕಿನ ಹುಲಜಂತಿಯ ಮಾಳಿಂಗರಾಯನಿಗೆ ಹೋಗುತ್ತವೆ, ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿಯ ವಿಠ್ಠಲ ಬೀರದೇವನಿಗೆ ಹೋಗುತ್ತವೆ. ಕುರುಬರೂ ಧನಗರರೂ ಒಂದೇ ದೇವರನ್ನು ಎರಡು ಭಾಷೆಯಲ್ಲಿ ಹಾಡುವುದನ್ನು ದಶಕಗಳ ಕಾಲ ಊರೂರು ತಿರುಗಿ ಬರೆದುಕೊಂಡವರು ಜರ್ಮನಿಯ ವಿದ್ವಾಂಸ ಗುಂಥರ್ ಸೋಂಥೈಮರ್ (1934–1992).

ಇನ್ನು ಕಾಗದದ ಸಂಸ್ಥೆಗಳಿಗೆ ಬರೋಣ. ಮೊದಲಿಗರು ಒಬ್ಬ ಇಂಗ್ಲಿಷ್ ಅಧಿಕಾರಿ ಎಂದು ಹೇಳಲು ಮುಜುಗರವೇನಿಲ್ಲ. ಶಾಸನಗಳಿಗೆ ಹೆಸರಾದ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಈ ಭಾಗದ ಐದು ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದರು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಸಂಗ್ಯಾನ ಕೊಲೆ ಇವುಗಳ ಜೊತೆಗೆ ಸರಕಾರ ಹೊಸದಾಗಿ ಹಾಕಿದ ಆದಾಯ ತೆರಿಗೆಯ ಮೇಲಿನ ಲಾವಣಿಯೂ ಅದರಲ್ಲಿತ್ತು. ತೆರಿಗೆ ವಸೂಲಿಯ ಸರಕಾರದ ನೌಕರನೇ ತೆರಿಗೆ ಬಯ್ಯುವ ಹಾಡನ್ನು ಉಳಿಸಿಕೊಟ್ಟ! ಆದರೆ ಫ್ಲೀಟ್ ಹಿಡಿದದ್ದು ಬೀದಿಯಲ್ಲಿ ನಿಂತು ಹಾಡುವ ಗಂಡಸರ ಲಾವಣಿಗಳನ್ನು. ಅಡುಗೆಮನೆಯ ಕಲ್ಲಿನ ಹತ್ತಿರ ಅವರು ಹೋಗುವಂತೆಯೂ ಇರಲಿಲ್ಲ.

ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು 1890ರಲ್ಲಿ. ಮುಂಬಯಿ ಪ್ರಾಂತದಲ್ಲಿ ಮರಾಠಿಯ ಅಡಿಯಲ್ಲಿ ಅಮುಕಿಹೋಗಿದ್ದ ಕನ್ನಡಕ್ಕೆ ಶಾಲೆ, ಪುಸ್ತಕ, ಪತ್ರಿಕೆ ಕೊಡಿಸುವುದೇ ಅದರ ಮುಂದಿದ್ದ ತುರ್ತಾಗಿತ್ತು. ಹಳ್ಳಿಯ ಹಾಡು ಆ ಪಟ್ಟಿಯಲ್ಲಿ ಕೆಳಗಿತ್ತು, ಅದು ಸಹಜವೂ ಹೌದು.

ಅದಕ್ಕೆ ಎರಡೇ ವರ್ಷ ಮೊದಲು, 1888ರಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯ ಎಸ್ಟೋನಿಯಾದಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಅದೂ ರಷ್ಯಾದ ಚಕ್ರಾಧಿಪತ್ಯದೊಳಗೆ, ಜರ್ಮನ್ ಜಮೀನುದಾರರ ಕೈಕೆಳಗೆ ಇದ್ದ ಚಿಕ್ಕ ನಾಡು. ಯಾಕೋಬ್ ಹುರ್ಟ್ ಎಂಬ ಪಾದ್ರಿ ದೂರದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂತು ಪತ್ರಿಕೆಗಳಲ್ಲಿ ಒಂದು ಮನವಿ ಹಾಕಿದ: ನಿಮ್ಮ ಊರಿನ ಹಾಡು, ಕತೆ, ನಂಬಿಕೆ ಬರೆದು ಕಳಿಸಿ. ಶಾಲಾ ಮಾಸ್ತರರು, ರೈತರು ಸೇರಿ ಸುಮಾರು 1,400 ಮಂದಿ ಬರೆದು ಕಳಿಸಿದರು. 1,14,000ಕ್ಕೂ ಹೆಚ್ಚು ಪುಟ ಕೂಡಿತು. ಯಾವ ಸೀಮೆಯದು, ಯಾರು ಬರೆದರು ಎಂಬುದು ದಾಖಲಾಯಿತು, ಬಂದದ್ದಕ್ಕೆಲ್ಲ ಹುರ್ಟ್ ಪತ್ರಿಕೆಯಲ್ಲೇ ಲೆಕ್ಕ ಒಪ್ಪಿಸುತ್ತಿದ್ದ. 1927ರಲ್ಲಿ ತಾರ್ತು ನಗರದಲ್ಲಿ ಅದಕ್ಕೊಂದು ಜಾನಪದ ಭಂಡಾರವೇ ಆಯಿತು. ಆ ಹಾಡುಗಳ ಸ್ವರೂಪ ಕೇಳಿದರೆ ನಮ್ಮವರಿಗೆ ಹೊರಗಿನದೆನಿಸುವುದಿಲ್ಲ. ಒಬ್ಬಳು ಸಾಲು ಎತ್ತಿಕೊಡುವುದು, ಉಳಿದವರು ಅದನ್ನೇ ತಿರುಗಿ ಹಾಡುವುದು. ತಬ್ಬಲಿ ಹುಡುಗಿ, ಗಂಡನ ಮನೆಯ ಕಷ್ಟ, ಜಮೀನುದಾರನ ಮೇಲಿನ ಸಿಟ್ಟು, ಊರ ಬಯಲಿನ ದೊಡ್ಡ ಜೋಕಾಲಿಯ ಮೇಲೆ ನಿಂತ ಹುಡುಗಿಯರ ಹಾಡು.

ಕನ್ನಡದಲ್ಲಿ ಅಂಥ ಮನವಿ ಯಾವ ಸಂಸ್ಥೆಯಿಂದ ಹೊರಡಬೇಕಿತ್ತೋ ಅಲ್ಲಿಂದ ಹೊರಡಲಿಲ್ಲ. ಕೆಲಸ ಆದದ್ದು ವಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯಲ್ಲಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಎಂಬ ಗೆಳೆಯರು ಸೇರಿ 1931ರಲ್ಲಿ ‘ಗರತಿಯ ಹಾಡು’ ತಂದರು, 1935ರಲ್ಲಿ ರೇವಪ್ಪನವರ ‘ಮಲ್ಲಿಗೆ ದಂಡೆ’ ಬಂತು. ಬೀಸುಕಲ್ಲಿನ ತ್ರಿಪದಿ ಕಾವ್ಯವೆಂದು ಕನ್ನಡ ಓದುಗ ಒಪ್ಪಿಕೊಂಡದ್ದು ‘ಗರತಿಯ ಹಾಡು’ ಪುಸ್ತಕದಿಂದ. ಕೆಲವರು ಸ್ನೇಹಿತರು ಮಾಡಿದ್ದನ್ನು ಮಾಡಲು ದೊಡ್ಡ ಸಂಸ್ಥೆಗಳಿಗೆ ಇನ್ನೂ ಎರಡು ದಶಕ ಬೇಕಾಯಿತು. 1939ರಲ್ಲಿ ಧಾರವಾಡದಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಶಾಸನ, ಹಸ್ತಪ್ರತಿಗಳ ಕಡೆಗೆ ಹೆಚ್ಚು ಒಲಿಯಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾದ ಮೇಲೆ, 1955ರಲ್ಲಿ ಬಿ.ಎಸ್. ಗದ್ದಗಿಮಠರ ಜಾನಪದ ಗೀತೆಗಳ ಪ್ರಬಂಧಕ್ಕೆ ಪಿಎಚ್.ಡಿ. ಸಿಕ್ಕಿತು, ಕನ್ನಡ ಜಾನಪದದಲ್ಲಿ ಅದೇ ಮೊದಲನೆಯದು. ನಮ್ಮ ಪಕ್ಕದ ಗೋಕಾಕ ತಾಲೂಕಿನ ಬೆಟಗೇರಿ ಕೃಷ್ಣಶರ್ಮರು ಹಳ್ಳಿಯ ನುಡಿಯಲ್ಲೇ ಬರೆದರು, ಹಳ್ಳಿಯ ಹಾಡನ್ನೂ ಕೂಡಿಸಿದರು.

ನಮ್ಮ ಐದು ತಾಲೂಕುಗಳು ಈ ಚಟುವಟಿಕೆಯ ಅಂಚಿನಲ್ಲಿ ಉಳಿದದ್ದಕ್ಕೆ ಕಾರಣ ಆಡಳಿತದ್ದು. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದವು. ನಿಪ್ಪಾಣಿಯ ಪೇಟೆಯ ಮಾತು, ವಹಿವಾಟು ಮರಾಠಿಯಲ್ಲಿ. ನಿಪ್ಪಾಣಿ, ಕಾಗವಾಡಗಳಂತೂ ಚಿಕ್ಕೋಡಿ, ಅಥಣಿಗಳಿಂದ ಬೇರೆಯಾಗಿ ತಾಲೂಕಾದದ್ದು ತೀರ ಇತ್ತೀಚೆಗೆ. ಧಾರವಾಡದಿಂದ ನೋಡಿದರೆ ಇದು ಮರಾಠಿ ಸೀಮೆ, ಪುಣೆಯಿಂದ ನೋಡಿದರೆ ಕಾನಡಿ ಮುಲೂಖ. 1956ರ ಏಕೀಕರಣದ ಮೇಲೆ, ಕೆಎಲ್ಇ ಸಂಸ್ಥೆ ಮತ್ತು ಬೇರೆಯವರು ನಿಪ್ಪಾಣಿ, ಚಿಕ್ಕೋಡಿ, ಅಥಣಿಗಳಲ್ಲಿ ಕಾಲೇಜು ತೆರೆದ ಮೇಲೆ, ಈ ನೆಲದ ಹುಡುಗ ಹುಡುಗಿಯರೇ ಕನ್ನಡ ಓದಿ ತಮ್ಮ ಅಜ್ಜಿಯ ಹಾಡನ್ನು ಪಠ್ಯವೆಂದು ನೋಡುವ ದಿನ ಬಂತು. ಧಾರವಾಡ ಆಕಾಶವಾಣಿ (1950) ಹಳ್ಳಿಯ ದನಿಯನ್ನು ಗಾಳಿಗೆ ಬಿಟ್ಟಿತು. ನಮ್ಮ ಮನೆಗಳ ರೇಡಿಯೊದ ಮುಳ್ಳು ಧಾರವಾಡಕ್ಕೂ ಸಾಂಗಲಿಗೂ ನಡುವೆ ಓಡಾಡುತ್ತಿತ್ತು ಎಂಬುದು ಬೇರೆ ಮಾತು.

ಈ ಸೀಮೆಯ ದಿನದ ಬದುಕಿಗೆ ಬರವಣಿಗೆಯಲ್ಲಿ ಗಟ್ಟಿ ಆಸರೆ ಕೊಟ್ಟವರೊಬ್ಬರನ್ನು ಬಿಡಬಾರದು. ಶೇಡಬಾಳದ ಮಿರ್ಜಿ ಅಣ್ಣಾರಾಯರು (1918–1975). ‘ನಿಸರ್ಗ’ ಕಾದಂಬರಿಯಲ್ಲಿ ಕೃಷ್ಣಾ ದಂಡೆಯ ಜೈನ ಒಕ್ಕಲು ಮನೆಯ ಒಳಗೋಡೆಗಳನ್ನು, ಅಲ್ಲಿಯ ಹೆಂಗಸರ ಮಾತಿನ ಸೊಗಡನ್ನು ಅವರು ಹಿಡಿದರು. ಅದು ಹಾಡಿನ ಸಂಗ್ರಹವಲ್ಲ. ಆದರೆ ಬೀಸುಕಲ್ಲಿನ ಹಾಡು ಯಾವ ಮನೆಯಿಂದ, ಯಾವ ನೋವಿನಿಂದ ಎದ್ದಿತು ಎಂದು ತಿಳಿಯಬೇಕಾದವರು ಮೊದಲು ಅದನ್ನು ಓದಬೇಕು.

ಹಾಡು ಬರೆದಿಡುವವರು ಬರುವಷ್ಟರಲ್ಲಿ ಹಾಡುವ ಹೊತ್ತೇ ಕರಗತೊಡಗಿತ್ತು. ಹಿಟ್ಟಿನ ಗಿರಣಿ ಬಂತು. ಹೆಂಗಸರ ರಟ್ಟೆ ನೋವಿಗೆ ಅದು ದೊಡ್ಡ ಉಪಕಾರ. ಹಾಡು ಹೋಯಿತೆಂದು ಬೀಸುಕಲ್ಲು ಇರಬೇಕಿತ್ತು ಎನ್ನುವವರು ಒಂದು ಪಾಯಲಿ ಜೋಳ ಬೀಸಿ ನೋಡಲಿ. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರಖಾನೆ ಬಂತು, ಆಮೇಲೆ ಸಹಕಾರಿ ಕಾರಖಾನೆಗಳು, ಹಿಡಕಲ್ ಅಣೆಕಟ್ಟಿನ ಕಾಲುವೆ, ಹೊಳೆಸಾಲಿನ ಏತ ನೀರಾವರಿ. ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ಕಬ್ಬಿಗೆ ಕಣವಿಲ್ಲ, ಮೇಟಿಯಿಲ್ಲ, ರಾಶಿಯಿಲ್ಲ, ಹಾಗಾಗಿ ಹಂತಿ ಪದಕ್ಕೆ ನೆಲವೇ ಇಲ್ಲದಾಯಿತು. ನಿಪ್ಪಾಣಿಯಲ್ಲಿ ಸಾವಿರಾರು ಹೆಂಗಸರು ನಸುಕಿನಲ್ಲಿ ಎದ್ದು ಕಲ್ಲಿನ ಬದಲು ತಂಬಾಕಿನ ವಖಾರಿಯ ಕಡೆ ನಡೆದರು. ಜರ್ದಾದ ಘಾಟಿನಲ್ಲಿ, ಮೂಗುಬಾಯಿಗೆ ಸೆರಗು ಕಟ್ಟಿಕೊಂಡು ದುಡಿದ ಆ ಹೆಣ್ಣುಮಕ್ಕಳು ಮುಂದೆ ಸಂಘ ಕಟ್ಟಿದರು. ಯುಗಾಂತರ ಎಂಬ ಚಿತ್ರತಂಡ 1982ರಲ್ಲಿ ಅವರ ಜೊತೆ ಕೂಡಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಈ ಸೀಮೆಯ ದುಡಿಯುವ ಹೆಣ್ಣಿನ ದಿನಚರಿಗೆ ಸಿಕ್ಕ ಅಪರೂಪದ ದಾಖಲೆ ಅದು, ನಮ್ಮ ಸಾಹಿತ್ಯ ಸಮಾರಂಭಗಳಲ್ಲಿ ಅದರ ಹೆಸರು ಕೇಳಿಬರುವುದಿಲ್ಲ.

ಈಗ ಸಂಸ್ಥೆಗಳಿಗೆ ಕೊರತೆಯಿಲ್ಲ. ಎಚ್.ಎಲ್. ನಾಗೇಗೌಡರ ಕರ್ನಾಟಕ ಜಾನಪದ ಪರಿಷತ್ತು 1979ರದು, ಮರುವರ್ಷ ಜಾನಪದ ಅಕಾಡೆಮಿ ಬಂತು, 2011ರಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಆಯಿತು. ಮಾಸಾಶನ, ಪ್ರಶಸ್ತಿ, ಉತ್ಸವ ಎಲ್ಲ ಇವೆ. ಇವುಗಳಿಂದ ಮುಖ್ಯವಾಗಿ ಲಾಭವಾದದ್ದು ಮೇಳ ಕಟ್ಟಿಕೊಂಡ ಹಾಡಿಗೆ. ಡೊಳ್ಳಿನ ಪದಕ್ಕೆ ಮೊದಲೂ ಸಂಘಟನೆ ಇತ್ತು, ಈಗ ಮೊಬೈಲ್‌ನಲ್ಲಿ ರಾಯಬಾಗ, ಅಥಣಿ ಕಡೆಯ ಮೇಳಗಳ ಸವಾಲು ಜವಾಬನ್ನು ಮುಂಬಯಿ, ಪುಣೆಗೆ ದುಡಿಯಲು ಹೋದವರೂ ಕೇಳುತ್ತಾರೆ. ವೇದಿಕೆ ಹತ್ತದ, ತಂಡವಿಲ್ಲದ, ಅರ್ಜಿ ಬರೆಯಲು ಬಾರದ ಬೀಸುಕಲ್ಲಿನ ಹೆಣ್ಣಿಗೆ ಈ ಸಂಸ್ಥೆಗಳ ಬಾಗಿಲು ಕಿರಿದು. ಉತ್ಸವದಲ್ಲಿ ಆಕೆಯ ಹಾಡನ್ನು ಒಂದೇ ಬಣ್ಣದ ಇಳಕಲ್ ಸೀರೆ ಉಟ್ಟ ಹುಡುಗಿಯರು ಧ್ವನಿವರ್ಧಕದ ಮುಂದೆ, ಖಾಲಿ ಕಲ್ಲು ತಿರುಗಿಸುತ್ತಾ ಹಾಡುತ್ತಾರೆ.

ಗಡಿಯಾಚೆ ಪುಣೆಯಲ್ಲಿ ಹೇಮಾ ರಾಯಿರಕರ್ ಮತ್ತು ಗೀ ಪ್ವಾತ್ವಾಂ ಮಾಡಿದ ಕೆಲಸ, ಅಂಥ ಹೆಣ್ಣಿನ ಹಾಡನ್ನು ಹೇಗೆ ಉಳಿಸಬೇಕು ಎಂಬುದಕ್ಕೆ ಮಾದರಿ. 1980ರ ದಶಕದಿಂದ ಅವರ ತಂಡ ಮಹಾರಾಷ್ಟ್ರದ ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮಿಕ್ಕಿ ಬೀಸುಕಲ್ಲಿನ ಓವಿಗಳನ್ನು ಕೂಡಿಹಾಕಿತು. ಹಾಡಿದವಳ ಹೆಸರು, ಊರು ಸಹಿತ. 2017ರಿಂದ ಅವು ‘ಪರಿ’ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತಿವೆ. ನಮ್ಮ ತ್ರಿಪದಿಗೆ ಇಷ್ಟು ದೊಡ್ಡ, ಹೆಸರಿಟ್ಟು ಜೋಡಿಸಿದ ಭಂಡಾರ ಇಲ್ಲ. ‘ಜನಪದ ಕವಿಗೆ ಹೆಸರಿಲ್ಲ’ ಎಂಬ ಚಂದದ ಮಾತಿನ ಹಿಂದೆ, ಹಾಡಿದವಳ ಹೆಸರು ಕೇಳದೆ ಬಂದ ನಮ್ಮ ಸೋಮಾರಿತನವೂ ಅಡಗಿದೆ. ಆಕೆಗೆ ಹೆಸರಿತ್ತು, ರೇಶನ್ ಕಾರ್ಡಿನಲ್ಲೂ ಇತ್ತು.

ಆದ್ದರಿಂದ ಈ ಸಂಚಿಕೆಯ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕಲ್ಲಿಗೆ ಕೈಹಾಕಿ ಬೀಸಿದ ಎಪ್ಪತ್ತು ದಾಟಿದ ಹೆಣ್ಣುಮಗಳಿದ್ದರೆ, ಆಕೆಯ ಒಪ್ಪಿಗೆ ಕೇಳಿ ಮೊಬೈಲ್‌ನಲ್ಲಿ ಹಾಡು ಹಿಡಿದುಕೊಳ್ಳಿ. ಹಾಡಿನ ಜೊತೆ ಆಕೆಯ ಹೆಸರು, ತವರೂರು, ಗಂಡನ ಊರು, ಯಾರಿಂದ ಕಲಿತದ್ದು, ಯಾವ ಕೆಲಸಕ್ಕೆ ಹಾಡಿದ್ದು ಇಷ್ಟನ್ನೂ ಬರೆಯಿರಿ. ಮರಾಠಿ ಬೆರೆತಿದ್ದರೆ ತಿದ್ದಬೇಡಿ. ಒಂದು ಪ್ರತಿಯನ್ನು ನಿಮ್ಮ ಊರಿನ ಶಾಲೆಗೋ ಗ್ರಂಥಾಲಯಕ್ಕೋ, ಇನ್ನೊಂದನ್ನು ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ಕೊಡಿ. ಈ ಕೆಲಸಕ್ಕೆ ಅನುದಾನದ ದಾರಿ ಕಾಯಬೇಕಾಗಿಲ್ಲ, ಹಲಸಂಗಿಯ ಗೆಳೆಯರೂ ಕಾಯಲಿಲ್ಲ.